ಬಿಚ್ಚದೆ ಓದಿದ ಸುರುಳಿ

ಇಟಲಿ ದೇಶದ ನೇಪಲ್ಸ್ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಲೆಯಿಂದ ಹೊರತೆಗೆದ ಇದ್ದಿಲನ್ನು ಹೋಲುವ ಕರಿಯ ತುಂಡುಗಳ ಒಂದು ದೊಡ್ಡ ಸಂಗ್ರಹವಿದೆ. ಕೆಲವು ಗೇಣುದ್ದ, ಕೆಲವು ಬೆರಳುದ್ದ. ಕೆಲವು ಜಜ್ಜಿ ಚಪ್ಪಟೆಯಾದವು, ಕೆಲವು ಸೊಟ್ಟಗಾದವು. ಬಲವಾಗಿ ಹಿಡಿದರೆ ಪುಡಿಯಾಗುವ ಈ ತುಂಡುಗಳನ್ನು ಪುಸ್ತಕಗಳೆಂದು ನಂಬುವುದು ಯಾರಿಗೂ ಕಷ್ಟ. ಆದರೂ ಅವು ಪುಸ್ತಕಗಳೇ. ಎರಡು ಸಾವಿರ ವರ್ಷಗಳ ಹಿಂದೆ ಒಬ್ಬ ಶ್ರೀಮಂತನ ಮನೆಯ ಗ್ರಂಥಭಂಡಾರದಲ್ಲಿದ್ದು, ಅಗ್ನಿಪರ್ವತದ ಬೆಂಕಿಗೆ ಸಿಕ್ಕಿ ಕರಿಕಾದ ಪುಸ್ತಕಗಳು. ಅದೇ ಭಂಡಾರದ ಒಂದು ಸುರುಳಿಯನ್ನು ಎಳೆಯಷ್ಟೂ ಬಿಚ್ಚದೆ, ಅದರ ಒಳಗಿನ ಬರಹವನ್ನು ವಿದ್ವಾಂಸರು ಸಾಲುಸಾಲಾಗಿ ಓದಿದರೆಂಬ ವಾರ್ತೆ ೨೦೨೪ರ ಫೆಬ್ರವರಿಯಲ್ಲಿ ಹೊರಬಿದ್ದಿತು. ಮುಚ್ಚಿದ ಪುಸ್ತಕವನ್ನು ಮುಚ್ಚಿದಂತೆಯೇ ಓದುವ ಈ ಸೋಜಿಗ ನಡೆದುದು ಹೇಗೆಂಬುದನ್ನು ಈ ತಿಂಗಳ ಅಂಕಣದಲ್ಲಿ ವಿವರಿಸಲೆತ್ನಿಸಿದ್ದೇವೆ. ಗಡಿಯ ಈಚೆ ಕುಳಿತು ಕನ್ನಡ ಓದುವ ನಮ್ಮಂಥವರು ಈ ಕಥೆಯಿಂದ ಮನೆಗೆ ಒಯ್ಯಬೇಕಾದ ಮಾತೊಂದಿದೆ. ಅದನ್ನು ಕೊನೆಗೆ ನೋಡೋಣ.

ಸುಟ್ಟ ಬೆಂಕಿಯೇ ಕಾಯ್ದ ಭಂಡಾರ

ಕ್ರಿ. ಶ. ೭೯ರಲ್ಲಿ ವೆಸೂವಿಯಸ್ ಅಗ್ನಿಪರ್ವತ ಸಿಡಿದು ಪಾಂಪೇ ನಗರವು ಹೂತುಹೋದ ವಿಷಯವನ್ನು ನಮ್ಮ ವಾಚಕರಲ್ಲಿ ಹಲವರು ಶಾಲೆಯಲ್ಲಿಯೇ ಓದಿರುತ್ತಾರೆ. ಅದೇ ದುರಂತದಲ್ಲಿ ಸಮುದ್ರತೀರದ ಹರ್ಕ್ಯುಲೇನಿಯಂ ಎಂಬ ಇನ್ನೊಂದು ಊರೂ ಹೂತುಹೋಯಿತು. ಅಲ್ಲಿಯ ಒಂದು ಭವ್ಯವಾದ ಬಂಗಲೆ ಮೊದಲು ಕಾದ ಅನಿಲ ಬೂದಿಗಳ ಮಹಾಪ್ರವಾಹಕ್ಕೆ ಸಿಕ್ಕಿತು. ಬಳಿಕ ಹತ್ತಾರು ಅಡಿ ಆಳದ ಗಟ್ಟಿ ನೆಲದ ಕೆಳಗೆ ಸೇರಿತು. ಜೂಲಿಯಸ್ ಸೀಸರನ ಮಾವನಾದ ಪಿಸೋ ಎಂಬವನ ಮನೆ ಅದಾಗಿದ್ದಿರಬೇಕೆಂದು ಹಲವು ಇತಿಹಾಸಕಾರರು ಊಹಿಸುತ್ತಾರೆ.

ಅಂದಿನ ರೋಮನರ ಪುಸ್ತಕಗಳಿಗೆ ಇಂದಿನಂತೆ ಹಾಳೆ ಹೊಲಿಗೆಗಳಿರಲಿಲ್ಲ. ಈಜಿಪ್ಟಿನ ನೈಲ್ ನದಿಯ ಜೌಗಿನಲ್ಲಿ ಬೆಳೆಯುವ ಪ್ಯಾಪಿರಸ್ ಎಂಬ ಜೊಂಡಿನ ತಿರುಳನ್ನು ತೆಳುವಾಗಿ ಸೀಳಿ, ಸೀಳುಗಳನ್ನು ಉದ್ದಕ್ಕೂ ಅಡ್ಡಕ್ಕೂ ಹಾಸಿ ಒತ್ತಿ ಒಣಗಿಸಿದರೆ ಬರೆಯಲು ತಕ್ಕ ಹಾಳೆ ಸಿದ್ಧವಾಗುತ್ತಿತ್ತು. ಇಂತಹ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಹಲವು ಮೀಟರು ಉದ್ದದ ಪಟ್ಟಿ ಮಾಡಿ, ಚಾಪೆಯಂತೆ ಸುತ್ತಿಡುತ್ತಿದ್ದರು. ಒಂದು ಸುರುಳಿ ಎಂದರೆ ಒಂದು ಪುಸ್ತಕ.

ತೆರೆದ ಒಲೆಗೆ ಬಿದ್ದ ಕಾಗದ ಬೂದಿಯಾಗುತ್ತದೆ. ಆದರೆ ಮಣ್ಣು ಮುಚ್ಚಿದ ಗೂಡಿನಲ್ಲಿ ಗಾಳಿಯಾಡದೆ ಬೆಂದ ಕಟ್ಟಿಗೆ ಇದ್ದಿಲಾಗಿ ಉಳಿಯುತ್ತದೆ. ಹರ್ಕ್ಯುಲೇನಿಯಮಿನ ಸುರುಳಿಗಳಿಗೆ ಒದಗಿದ್ದು ಈ ಎರಡನೆಯ ಗತಿ. ಗ್ರೀಸ್ ರೋಮುಗಳ ಉಳಿದ ಗ್ರಂಥಭಂಡಾರಗಳು ತೇವಕ್ಕೂ ಹುಳಕ್ಕೂ ಆಹುತಿಯಾಗಿ ಹೇಳಹೆಸರಿಲ್ಲದಂತೆ ಹೋದುವು. ಬೆಂಕಿಗೆ ಸಿಕ್ಕಿದ ಈ ಒಂದು ಭಂಡಾರ ಮಾತ್ರ ಉಳಿಯಿತು.

ಬಿಚ್ಚಲು ಹೊರಟವರು

೧೭೫೦ರಲ್ಲಿ ನೇಪಲ್ಸಿನ ಅರಸನ ಆಳುಗಳು ನೆಲದೊಳಗೆ ಸುರಂಗ ಕೊರೆಯುತ್ತಿದ್ದಾಗ ಈ ಬಂಗಲೆ ಪತ್ತೆಯಾಯಿತು. ಅರಸನಿಗೆ ಬೇಕಾಗಿದ್ದುದು ಅಮೃತಶಿಲೆಯ ಮತ್ತು ಕಂಚಿನ ವಿಗ್ರಹಗಳು. ಎರಡು ವರ್ಷಗಳ ಬಳಿಕ, ೧೭೫೨ರಲ್ಲಿ, ಸುರುಳಿಗಳು ದೊರೆಯತೊಡಗಿದಾಗ ಅವನ್ನು ಇದ್ದಿಲಿನ ತುಂಡುಗಳೆಂದೇ ಕೆಲಸಗಾರರು ಭಾವಿಸಿದರು. ಕೆಲವನ್ನು ಎಸೆದದ್ದೂ ಉಂಟು. ಒಡೆದ ಒಂದೆರಡು ತುಂಡುಗಳಲ್ಲಿ ಅಕ್ಷರಗಳು ಕಂಡ ಮೇಲೆ ಇವು ಗ್ರಂಥಗಳೆಂಬ ಅರಿವು ಮೂಡಿತು. ಇಂದು ಚಿಕ್ಕ ಚೂರುಗಳೂ ಸೇರಿ ೧,೮೦೦ಕ್ಕೂ ಮಿಕ್ಕಿದ ತುಂಡುಗಳಿಗೆ ಕ್ರಮಸಂಖ್ಯೆ ಕೊಡಲಾಗಿದೆ. ಅವುಗಳಲ್ಲಿ ಕೆಲವು ನೂರು ಇನ್ನೂ ಬಿಚ್ಚದ ಸುರುಳಿಗಳು.

ಗ್ರಂಥವೆಂದು ತಿಳಿದ ಮೇಲೆ ಓದುವ ಆತುರ ಹುಟ್ಟುವುದು ಸಹಜ. ಅರಸನ ವಸ್ತುಸಂಗ್ರಹದ ಮೇಲ್ವಿಚಾರಕನು ಸುರುಳಿಗಳನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ, ಒಳಗಿನ ಪದರಗಳನ್ನು ಕೆರೆದು ತೆಗೆಯುತ್ತ ಓದುವ ಕ್ರಮವನ್ನು ಹಿಡಿದನು. ಒಂದು ಪದರವನ್ನು ನೋಡಬೇಕಾದರೆ ಅದರ ಮೇಲಿನ ಪದರ ನಾಶವಾಗಲೇಬೇಕು. ೧೭೫೩ರಲ್ಲಿ ವ್ಯಾಟಿಕನ್ನಿನ ಗ್ರಂಥಾಲಯದಿಂದ ಬಂದ ಆಂಟೋನಿಯೋ ಪಿಯಾಜ್ಜಿಯೋ ಎಂಬ ಪಾದ್ರಿಯು ಸ್ವಲ್ಪ ಮೃದುವಾದ ಉಪಾಯವನ್ನು ಕಂಡುಹಿಡಿದನು. ಸುರುಳಿಯ ಹೊರಮೈಗೆ ಪ್ರಾಣಿಯ ಕರುಳಿನ ತೆಳುಪೊರೆಯನ್ನು ಅಂಟಿಸಿ, ಅದಕ್ಕೆ ರೇಷ್ಮೆಯ ದಾರಗಳನ್ನು ಕಟ್ಟಿ, ಮರದ ಚೌಕಟ್ಟಿನಿಂದ ತೂಗುಬಿಟ್ಟು, ದಿನಕ್ಕೆ ಕೂದಲೆಳೆಯಷ್ಟು ಬಿಚ್ಚುವ ಯಂತ್ರವದು. ಒಂದು ಸುರುಳಿಗೆ ವರ್ಷಗಳೇ ಹಿಡಿದರೂ ಕೆಲವನ್ನು ಹೀಗೆ ಬಿಚ್ಚಲಾಯಿತು. ಫಿಲೊಡೆಮಸ್ ಎಂಬ ಗ್ರೀಕ್ ತತ್ತ್ವಜ್ಞಾನಿ ಸಂಗೀತವನ್ನು ಕುರಿತು ಬರೆದ ಗ್ರಂಥ ಬೆಳಕಿಗೆ ಬಂದದ್ದು ಈ ಬಗೆಯಿಂದ.

ಅನಂತರ ಬಂದವರೆಲ್ಲ ಪಿಯಾಜ್ಜಿಯೋನಷ್ಟು ತಾಳ್ಮೆಯವರಾಗಿರಲಿಲ್ಲ. ಗಣಿಗಳ ಸುರಕ್ಷಾದೀಪದಿಂದ ಪ್ರಸಿದ್ಧನಾದ ಇಂಗ್ಲೆಂಡಿನ ರಸಾಯನವಿಜ್ಞಾನಿ ಸರ್ ಹಂಫ್ರಿ ಡೇವಿ ೧೮೧೯ರ ಸುಮಾರಿನಲ್ಲಿ ನೇಪಲ್ಸಿಗೆ ಬಂದು ಕ್ಲೋರೀನ್ ಅನಿಲದಿಂದ ಪದರಗಳನ್ನು ಬಿಡಿಸಲೆತ್ನಿಸಿದನು. ಫಲ ಅಲ್ಪ, ಹಾನಿ ಅಧಿಕ. ಹೀಗೆ ಅವರವರ ಕಾಲದ ಶ್ರೇಷ್ಠ ವಿದ್ಯೆಯನ್ನೇ ಪ್ರಯೋಗಿಸಿ, ಅವರವರ ಕಾಲದ ಬುದ್ಧಿವಂತರೇ, ನೂರಾರು ಸುರುಳಿಗಳನ್ನು ಚೂರಾಗಿಸಿದರು. ಕೊನೆಗೆ, ಉಳಿದುವನ್ನು ಮುಟ್ಟದೆ ಬಿಡುವುದೇ ಲೇಸೆಂದು ಮುಂದಿನವರು ತೀರ್ಮಾನಿಸಿದರು. ಇಂದು ನಾವು ಓದುತ್ತಿರುವುದು ಹಾಗೆ ಕೈಬಿಟ್ಟವುಗಳನ್ನು.

ಪತ್ರೊಡೆಯ ಹೋಳಿನಂತೆ

ಮುರಿದ ಮೂಳೆಯನ್ನು ಚರ್ಮ ಸೀಳದೆ ನೋಡಲು ವೈದ್ಯರು ಕ್ಷಕಿರಣವನ್ನು ಬಳಸುತ್ತಾರೆ. ಸಿ. ಟಿ. ಸ್ಕ್ಯಾನ್ ಎಂಬುದು ಇದರ ಮುಂದಿನ ಮೆಟ್ಟಿಲು. ವಸ್ತುವಿನ ಸುತ್ತಲೂ ಎಲ್ಲ ದಿಕ್ಕುಗಳಿಂದ ಕ್ಷಕಿರಣದ ಚಿತ್ರಗಳನ್ನು ತೆಗೆದು, ಗಣಕಯಂತ್ರದಿಂದ ಲೆಕ್ಕ ಹಾಕಿಸಿ, ವಸ್ತುವನ್ನು ಹೋಳುಹೋಳಾಗಿ ಕೊಯ್ದರೆ ಹೇಗೆ ಕಾಣುವುದೋ ಹಾಗೆ ಒಂದೊಂದೇ ಹೋಳಿನ ಚಿತ್ರವನ್ನು ಅದು ಕೊಡುತ್ತದೆ. ಅಮೇರಿಕದ ಕೆಂಟಕಿ ವಿಶ್ವವಿದ್ಯಾಲಯದ ಗಣಕವಿಜ್ಞಾನಿ ಬ್ರೆಂಟ್ ಸೀಲ್ಸ್ ಅವರು ಈ ವಿದ್ಯೆಯನ್ನು ಹಳೆಯ ಗ್ರಂಥಗಳಿಗೆ ಒಗ್ಗಿಸಲು ಇಪ್ಪತ್ತು ವರ್ಷಗಳಿಗೂ ಮೀರಿ ದುಡಿದವರು.

ಅವರ ಕ್ರಮವನ್ನು ತಿಳಿಯಲು ನಮ್ಮ ಅಡಿಗೆಮನೆಯಲ್ಲೇ ಒಂದು ಸಾಧನವಿದೆ. ಮಳೆಗಾಲದಲ್ಲಿ ಪತ್ರೊಡೆ ಮಾಡುವಾಗ ಕೆಸುವಿನ ಎಲೆಗೆ ಹಿಟ್ಟು ಸವರಿ, ಎಲೆಯ ಮೇಲೆ ಎಲೆ ಇಟ್ಟು, ಸುರುಳಿ ಸುತ್ತಿ ಬೇಯಿಸುತ್ತೇವೆ. ಬೆಂದ ಸುರುಳಿಯನ್ನು ಅಡ್ಡಕ್ಕೆ ಕೊಯ್ದರೆ ಪ್ರತಿಯೊಂದು ಹೋಳಿನಲ್ಲಿಯೂ ಎಲೆಯು ಹಸುರು ಗೆರೆಯಾಗಿ, ಒಳಗಿನಿಂದ ಹೊರಕ್ಕೆ ಸುತ್ತುತ್ತ ಕಾಣುತ್ತದೆ. ಈಗ ಎಲ್ಲ ಹೋಳುಗಳಲ್ಲಿಯೂ ಆ ಗೆರೆಯನ್ನು ತಪ್ಪದೆ ಹಿಂಬಾಲಿಸಿ, ಹೋಳಿನಿಂದ ಹೋಳಿಗೆ ಜೋಡಿಸಿ, ನೇರಗೊಳಿಸಿದೆವೆನ್ನಿ. ಕಾಗದದ ಮೇಲೆ ಇಡೀ ಎಲೆ ಮರಳಿ ಹರಡಿಕೊಳ್ಳುತ್ತದೆ, ಪತ್ರೊಡೆ ಮಾತ್ರ ಇದ್ದಂತೆಯೇ ಇರುತ್ತದೆ. ಸೀಲ್ಸ್ ಅವರ ಗಣಕಯಂತ್ರ ಸುರುಳಿಗೆ ಮಾಡುವುದು ಇದನ್ನೇ. ಸುತ್ತು ಬಿಡಿಸುವ ಕೆಲಸವೆಲ್ಲ ಚಿತ್ರದಲ್ಲಿ ನಡೆಯುತ್ತದೆ; ನಿಜವಾದ ಸುರುಳಿಗೆ ಯಾರ ಕೈಯೂ ಸೋಂಕುವುದಿಲ್ಲ.

ಈ ಕ್ರಮದ ಮೊದಲ ದೊಡ್ಡ ಜಯ ಇಸ್ರೇಲಿನ ಎನ್‌ಗೆಡಿ ಎಂಬಲ್ಲಿ ಸಿಕ್ಕಿದ ಸುರುಳಿಯದು. ಮೃತಸಮುದ್ರದ ದಡದಲ್ಲಿ ಸುಟ್ಟುಹೋದ ಯೆಹೂದ್ಯರ ಪ್ರಾರ್ಥನಾಮಂದಿರವನ್ನು ೧೯೭೦ರಲ್ಲಿ ಅಗೆದಾಗ ದೊರೆತ ಈ ಕರಿಕು ನಾಲ್ವತ್ತೈದು ವರ್ಷ ಯಾರಿಗೂ ಓದಲಾಗದೆ ಉಳಿದಿತ್ತು. ೨೦೧೫ರಲ್ಲಿ ಸೀಲ್ಸ್ ಅವರ ತಂಡ ಅದರ ಚಿತ್ರವನ್ನು ಬಿಡಿಸಿದಾಗ ಹೀಬ್ರೂ ಬೈಬಲಿನ ಯಾಜಕಕಾಂಡದ ಆರಂಭದ ಅಧ್ಯಾಯಗಳು ಸ್ಪಷ್ಟವಾಗಿ ಮೂಡಿಬಂದುವು. ಅಲ್ಲಿಯ ಮಸಿ ಕ್ಷಕಿರಣವನ್ನು ಚರ್ಮದ ಹಾಳೆಗಿಂತ ಹೆಚ್ಚಾಗಿ ತಡೆಯುತ್ತಿದ್ದುದರಿಂದ ಅಕ್ಷರಗಳು ಬೆಳ್ಳಗೆ ಹೊಳೆದುವು.

ಹರ್ಕ್ಯುಲೇನಿಯಮಿನಲ್ಲಿ ಈ ಅನುಕೂಲವಿರಲಿಲ್ಲ. ಅಲ್ಲಿಯವರು ಬರೆದದ್ದು ಕಾಡಿಗೆಗೆ ಅಂಟು ಬೆರೆಸಿದ ಮಸಿಯಿಂದ. ಕಾಡಿಗೆ ಎಂದರೆ ಇಂಗಾಲ. ಸುಟ್ಟ ಹಾಳೆಯೂ ಇಂಗಾಲವೇ. ಇದ್ದಿಲಿನ ಹಲಗೆಯ ಮೇಲೆ ಇದ್ದಿಲಿನಿಂದ ಬರೆದಂತೆ! ಕ್ಷಕಿರಣದ ಕಣ್ಣಿಗೆ ಎರಡೂ ಒಂದೇ. ೨೦೦೯ರಲ್ಲಿ ಪ್ಯಾರಿಸಿನಲ್ಲಿರುವ ಎರಡು ಸುರುಳಿಗಳನ್ನು ಸೀಲ್ಸ್ ಅವರು ಪರೀಕ್ಷಿಸಿದಾಗ ಒಳಗಿನ ಸುತ್ತುಗಳೆಲ್ಲ ಕಂಡರೂ ಒಂದು ಅಕ್ಷರವೂ ಕಾಣಲಿಲ್ಲ.

ಒಣಗಿದ ಕೆಸರಿನ ಬಿರುಕು

ಆದರೂ ಮಸಿಯು ಹಾಳೆಯ ಮೇಲೆ ಒಂದು ಪದರವಾಗಿ ಕುಳಿತಿರುತ್ತದೆಯಷ್ಟೆ? ಸುಣ್ಣ ಬಳಿದ ಗೋಡೆಯ ಮೈಗೂ ಬಳಿಯದ ಗೋಡೆಯ ಮೈಗೂ ಬೆರಳಿಗೆ ವ್ಯತ್ಯಾಸ ತಿಳಿಯುವಂತೆ, ಮಸಿ ತಾಗಿದ ಎಡೆಯ ಮೈವಳಿಕೆ ಬೇರೆಯಾಗಿರಲೇಬೇಕು. ಈ ಸೂಕ್ಷ್ಮ ಭೇದವನ್ನು ಹಿಡಿಯಬೇಕಾದರೆ ಇನ್ನೂ ತೀಕ್ಷ್ಣವಾದ ಚಿತ್ರ ಬೇಕು. ಅದಕ್ಕಾಗಿ ೨೦೧೯ರಲ್ಲಿ ಪ್ಯಾರಿಸಿನ ಸುರುಳಿಗಳನ್ನು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿರುವ ಡೈಮಂಡ್ ಎಂಬ ಸಿಂಕ್ರೊಟ್ರಾನ್ ಯಂತ್ರಕ್ಕೆ ಒಯ್ದರು. ಇಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ ಅತ್ಯಂತ ಪ್ರಖರವಾದ ಕ್ಷಕಿರಣವನ್ನು ಪಡೆಯುವ ಯಂತ್ರವದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿ ಎಂಟು ಪಾಲು ತೆಗೆದರೆ ಎಷ್ಟೋ, ಅಷ್ಟು ಸಣ್ಣ ವಿವರವೂ ಆ ಚಿತ್ರಗಳಲ್ಲಿ ಸಿಕ್ಕಿತು. ಮನುಷ್ಯನ ಕೂದಲು ಇದರ ಹತ್ತರಷ್ಟು ದಪ್ಪವಿರುತ್ತದೆ.

ಚಿತ್ರವೇನೋ ದೊರೆಯಿತು, ಅದರಲ್ಲಿ ಮಸಿಯನ್ನು ಗುರುತಿಸುವವರು ಯಾರು? ಹಿಂದೆ ಬಿಚ್ಚುವಾಗ ಮುರಿದುಬಿದ್ದ ಚೂರುಗಳು ಇಲ್ಲಿ ನೆರವಿಗೆ ಬಂದುವು. ಅವುಗಳ ಮೇಲಿನ ಅಕ್ಷರಗಳು ಅವರಕ್ತ ಕಿರಣದ ಛಾಯಾಚಿತ್ರದಲ್ಲಿ ಕಾಣುತ್ತವೆ. ಅದೇ ಚೂರುಗಳ ಕ್ಷಕಿರಣ ಚಿತ್ರವನ್ನೂ ತೆಗೆದು, ‘ಇಲ್ಲಿ ಮಸಿಯಿದೆ, ಇಲ್ಲಿ ಇಲ್ಲ’ ಎಂದು ಸಾವಿರಾರು ಉದಾಹರಣೆಗಳಿಂದ ಗಣಕಯಂತ್ರಕ್ಕೆ ಪಾಠ ಹೇಳಿದರು. ಕೃತಕ ಬುದ್ಧಿಮತ್ತೆ ಎಂದು ಇಂದು ಎಲ್ಲೆಡೆ ಕೇಳಿಬರುವ ಮಾತಿನ ಒಂದು ಬಗೆ ಇದು.

೨೦೨೩ರ ಮಾರ್ಚಿನಲ್ಲಿ ಸೀಲ್ಸ್ ಅವರು, ಉದ್ಯಮಿಗಳಾದ ನ್ಯಾಟ್ ಫ್ರೀಡ್‌ಮನ್ ಮತ್ತು ಡೇನಿಯಲ್ ಗ್ರಾಸ್ ಅವರೊಡನೆ ಕೂಡಿ, ಈ ಚಿತ್ರಗಳನ್ನೆಲ್ಲ ಜಗತ್ತಿಗೆ ಬಹಿರಂಗಪಡಿಸಿ ‘ವೆಸೂವಿಯಸ್ ಸವಾಲು’ ಎಂಬ ಸ್ಪರ್ಧೆಯನ್ನು ಹೂಡಿದರು. ಸಾವಿರಕ್ಕೂ ಹೆಚ್ಚು ತಂಡಗಳು ಮಸಿ ಹುಡುಕುವ ವಿದ್ಯೆಯಲ್ಲಿ ಕೈಯಾಡಿಸಿದುವು. ನಡುನಡುವೆ ಚಿಕ್ಕ ಬಹುಮಾನಗಳನ್ನಿಟ್ಟು, ಅವನ್ನು ಗೆದ್ದವರು ತಮ್ಮ ಉಪಾಯವನ್ನು ಇತರರಿಗೂ ತೆರೆದಿಡಬೇಕೆಂಬ ನಿಯಮ ಮಾಡಿದ್ದರಿಂದ ಒಬ್ಬನ ಮೆಟ್ಟಿಲ ಮೇಲೆ ಇನ್ನೊಬ್ಬ ಕಾಲಿಡುವಂತಾಯಿತು.

ಇಲ್ಲಿ ನಡೆದ ಒಂದು ಸಂಗತಿ ಮರೆಯಬಾರದಂಥದು. ಆಸ್ಟ್ರೇಲಿಯ ಮೂಲದ ಭೌತವಿಜ್ಞಾನಿ ಕೇಸಿ ಹ್ಯಾಂಡ್ಮರ್ ಅವರು ಯಾವ ಯಂತ್ರದ ಹಂಗೂ ಇಲ್ಲದೆ, ಬಿಡಿಸಿದ ಚಿತ್ರಗಳನ್ನು ಬರಿಗಣ್ಣಿನಿಂದ ಗಂಟೆಗಟ್ಟಲೆ ದಿಟ್ಟಿಸಿದರು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಕೆಸರು ಒಣಗಿ ಬಿರಿಯುವುದಲ್ಲ, ಅಂತಹ ನವಿರಾದ ಬಿರುಕುಗಳು ಅಲ್ಲಲ್ಲಿ ಅವರಿಗೆ ಕಂಡುವು. ನೋಡುತ್ತಿದ್ದಂತೆ ಆ ಬಿರುಕುಗಳು ಗ್ರೀಕ್ ಅಕ್ಷರಗಳ ಆಕಾರವನ್ನು ತಳೆದುವು. ಒಣಗಿದ ಮಸಿಯ ಗುರುತೇ ಅದು. ಅಮೇರಿಕದ ನೆಬ್ರಾಸ್ಕದ ವಿದ್ಯಾರ್ಥಿ, ಇಪ್ಪತ್ತೊಂದು ವರ್ಷದ ಲೂಕ್ ಫ್ಯಾರಿಟರ್, ಈ ಬಿರುಕುಗಳನ್ನು ಹುಡುಕುವಂತೆ ತನ್ನ ಗಣಕಯಂತ್ರಕ್ಕೆ ಕಲಿಸಿದನು. ಆ ವರ್ಷದ ಅಕ್ಟೋಬರಿನಲ್ಲಿ ಮೊದಲನೆಯ ಪೂರ್ಣಪದ ಘೋಷಿತವಾಯಿತು: ‘ಪೊರ್ಫ್ಯೂರಾಸ್’. ಕಡಲ ಬಸವನಹುಳುವಿನಿಂದ ತೆಗೆಯುತ್ತಿದ್ದ, ಅರಸರಿಗೂ ಶ್ರೀಮಂತರಿಗೂ ಮಾತ್ರ ಎಟುಕುತ್ತಿದ್ದ ನೇರಳೆಗೆಂಪು ಬಣ್ಣಕ್ಕೆ ಸಂಬಂಧಿಸಿದ ಪದ. ಆ ಯುವಕನಿಗೆ ೪೦,೦೦೦ ಡಾಲರು ಬಹುಮಾನ ಬಂದಿತು. ಬರ್ಲಿನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಈಜಿಪ್ಟಿನ ಯೂಸುಫ್ ನಾದೆರ್ ಬೇರೆ ದಾರಿಯಿಂದ ಬಂದು ಅದೇ ಪದವನ್ನು ಇನ್ನೂ ಸ್ಫುಟವಾಗಿ ತೋರಿಸಿದನು. ಸ್ವಿಟ್ಸರ್ಲೆಂಡಿನ ಯೂಲಿಯಾನ್ ಶಿಲ್ಲಿಗರ್ ಸುರುಳಿಯ ಸುತ್ತುಗಳನ್ನು ಯಂತ್ರದಿಂದಲೇ ಬಿಡಿಸುವ ಉಪಾಯವನ್ನು ರಚಿಸಿದ್ದನು. ಮೂವರೂ ಒಂದಾದರು, ೨೦೨೪ರ ಫೆಬ್ರವರಿಯಲ್ಲಿ ೭ ಲಕ್ಷ ಡಾಲರುಗಳ, ಎಂದರೆ ಅಂದಿನ ಲೆಕ್ಕದಲ್ಲಿ ಐದೂಮುಕ್ಕಾಲು ಕೋಟಿ ರೂಪಾಯಿಗಳಷ್ಟು, ಮಹಾಬಹುಮಾನ ಅವರ ಪಾಲಿಗೆ ಬಂದಿತು. ಅವರು ಹೊರತಂದುದು ಹದಿನೈದು ಅಂಕಣಗಳ, ೨,೦೦೦ಕ್ಕೂ ಹೆಚ್ಚು ಅಕ್ಷರಗಳ ಬರಹ. ಆ ಸುರುಳಿಯ ನೂರರಲ್ಲಿ ಐದು ಪಾಲು ಮಾತ್ರ.

ಓದಿದವರು ಯಾರು?

ಇಷ್ಟರಲ್ಲಿ ಜಾಗರೂಕ ವಾಚಕರ ಮನಸ್ಸಿನಲ್ಲಿ ಒಂದು ಸಂಶಯ ಎದ್ದಿರಬಹುದು: ಯಂತ್ರವು ಇಲ್ಲದ ಅಕ್ಷರವನ್ನು ತಾನೇ ಕಲ್ಪಿಸಿರಲಾರದೆಂಬುದಕ್ಕೆ ಏನು ಆಧಾರ? ಈ ಸಂಶಯ ಸ್ಪರ್ಧೆ ನಡೆಸಿದವರಿಗೂ ಇತ್ತು. ಆದುದರಿಂದಲೇ ಈ ಯಂತ್ರಗಳು ಒಂದು ಸಲಕ್ಕೆ ನೋಡುವ ಕಿಟಕಿಯನ್ನು ಅಕ್ಷರಕ್ಕಿಂತಲೂ ಚಿಕ್ಕದಾಗಿಟ್ಟರು. ಯಂತ್ರಕ್ಕೆ ಗ್ರೀಕ್ ಭಾಷೆ ತಿಳಿಯದು, ಅಕ್ಷರಮಾಲೆಯೂ ತಿಳಿಯದು. ಚಿಕ್ಕ ಚುಕ್ಕೆಯಷ್ಟು ಜಾಗವನ್ನು ನೋಡಿ ಮಸಿ ಉಂಟೋ ಇಲ್ಲವೋ ಎಂದಷ್ಟೇ ಅದು ಹೇಳುತ್ತದೆ. ಅಂತಹ ಅಸಂಖ್ಯ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಅಕ್ಷರದ ಆಕಾರ ಮೂಡಿದರೆ ಅದು ಸುರುಳಿಯೊಳಗಿನಿಂದಲೇ ಬಂದದ್ದಾಗಿರಬೇಕು.

ಮೂಡಿದ ಆಕಾರಗಳನ್ನು ಓದಿದವರು ಪ್ಯಾಪಿರಸ್ ಬರಹಗಳಲ್ಲಿಯೇ ಆಯುಷ್ಯ ಸವೆಸಿದ ವಿದ್ವಾಂಸರು. ನೇಪಲ್ಸ್ ವಿಶ್ವವಿದ್ಯಾಲಯದ ಫೆಡೆರಿಕಾ ನಿಕೊಲಾರ್ಡಿ ಅವರಲ್ಲಿ ಒಬ್ಬರು. ಹಳೆಯ ಗ್ರೀಕ್ ಬರಹದಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಅಕ್ಷರಗಳು ಇರುವೆಯ ಸಾಲಿನಂತೆ ಒಂದೇ ಸಮನೆ ಸಾಗುತ್ತವೆ. ಎಲ್ಲಿ ಪದ ಮುಗಿಯಿತು, ಅಳಿಸಿಹೋದ ಎಡೆಯಲ್ಲಿ ಏನಿದ್ದಿರಬೇಕು ಎಂಬುದನ್ನು ಭಾಷೆ ಬಲ್ಲವರೇ ನಿರ್ಧರಿಸಬೇಕು. ನಮ್ಮ ಭಾಷೆಯದೇ ಉದಾಹರಣೆ ಕೊಡುವುದಾದರೆ, ‘ಕಾಡಿಗೆ’ ಎಂಬ ಮೂರು ಅಕ್ಷರಗಳನ್ನು ಯಂತ್ರ ಹುಡುಕಿಕೊಟ್ಟಿತೆನ್ನಿ. ಅದು ಕಣ್ಣಿಗೆ ಹಚ್ಚುವ ಕಾಡಿಗೆಯೋ, ಸೌದೆ ತರಲು ಕಾಡಿಗೆ ಹೋದ ಮಾತೋ? ಹಿಂದುಮುಂದಿನ ವಾಕ್ಯವನ್ನು ಕನ್ನಡದಲ್ಲಿ ತಿಳಿದವನು ಪಕ್ಕದಲ್ಲಿ ಕುಳಿತಿರದಿದ್ದರೆ ಕೋಟಿ ಬೆಲೆಯ ಯಂತ್ರವೂ ಅಲ್ಲಿಗೇ ನಿಲ್ಲುತ್ತದೆ.

ಹಾಗಾದರೆ ಆ ಸುರುಳಿಯಲ್ಲಿ ಇದ್ದುದೇನು? ಸುಖವನ್ನು ಕುರಿತ ತತ್ತ್ವವಿಚಾರ. ಸಂಗೀತದ ಮಾತಿದೆ, ಊಟದ ಮಾತಿದೆ, ಉಪ್ಪಿನಕಾಯಿ ಹಾಕುವ ಕೇಪರ್ ಎಂಬ ಮೊಗ್ಗಿನ ಹೆಸರೂ ಬರುತ್ತದೆ. ವಿರಳವಾಗಿ ಸಿಗುವ ವಸ್ತು ಹೇರಳವಾಗಿ ಸಿಗುವ ವಸ್ತುವಿಗಿಂತ ಹೆಚ್ಚು ಸುಖ ಕೊಡುವುದೇ ಎಂದು ಲೇಖಕ ವಿಚಾರಿಸುತ್ತಾನೆ. ಹಾಗೆಂದು ಒಡನೆಯೇ ನಂಬಲು ಅವನು ಸಿದ್ಧನಿಲ್ಲ. ಫಿಲೊಡೆಮಸನೇ ಇದನ್ನು ಬರೆದಿರಬೇಕೆಂದು ವಿದ್ವಾಂಸರ ಊಹೆ. ೨೦೨೫ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದ ಇನ್ನೊಂದು ಸುರುಳಿಯೊಳಗೆ ಶೀರ್ಷಿಕೆಯೂ ಕರ್ತೃವಿನ ಹೆಸರೂ ದೊರೆತುವು: ಫಿಲೊಡೆಮಸನ ‘ದುರ್ಗುಣಗಳನ್ನು ಕುರಿತು’. ಬಿಚ್ಚದ ಹರ್ಕ್ಯುಲೇನಿಯಮ್ ಸುರುಳಿಯೊಂದರ ಹೆಸರು ತಿಳಿದುದು ಅದೇ ಮೊದಲು.

ಪ್ಯಾಪಿರಸ್ ಮತ್ತು ಕನ್ನಡ

ಪ್ಯಾಪಿರಸ್ಸಿಗೂ ಕನ್ನಡಕ್ಕೂ ಏನು ನಂಟೆಂದು ಕೇಳಬಹುದು. ನಂಟು ಹಳೆಯದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ, ಕ್ರಿ. ಶ. ಎರಡನೆಯ ಶತಮಾನದ ಪ್ಯಾಪಿರಸ್ ಹಾಳೆಯೊಂದನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ೧೯೦೩ರಲ್ಲಿ ಪ್ರಕಟಿಸಿದರು. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕಿದ ಖಾರಿಟಿಯೊನ್ ಎಂಬ ಗ್ರೀಕ್ ಯುವತಿಯ ಪ್ರಹಸನವದು. ಅದರಲ್ಲಿ ಭಾರತದ ಅರಸನೂ ಅವನ ಕಡೆಯವರೂ ಆಡುವ ಮಾತುಗಳು ಗ್ರೀಕ್ ಲಿಪಿಯಲ್ಲಿದ್ದರೂ ಗ್ರೀಕ್ ಭಾಷೆಯಲ್ಲ. ಅಕ್ಷರಗಳು ಕಣ್ಣಿಗೆ ಹೊಡೆಯುವಂತಿದ್ದರೂ ಗ್ರೀಕ್ ಪಂಡಿತರಿಗೆ ಅವು ಬರಿಯ ಶಬ್ದಗಳು. ಮರುವರ್ಷವೇ ಜರ್ಮನ್ ವಿದ್ವಾಂಸ ಹುಲ್ಟ್ಶ್ ಅವರು ಅದು ಕನ್ನಡವಿರಬಹುದೆಂದು ಸೂಚಿಸಿದರು. ಮೈಸೂರಿನ ಆರ್. ಶಾಮಾಶಾಸ್ತ್ರಿಗಳೂ ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಆ ಮಾತುಗಳನ್ನು ಕನ್ನಡವೆಂದೇ ಬಿಡಿಸಲು ಯತ್ನಿಸಿದರು. ಒಪ್ಪಿದವರಿದ್ದಾರೆ, ಒಪ್ಪದವರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಆದರೆ ಆ ಚರ್ಚೆ ಹುಟ್ಟಬೇಕಾದರೂ ಕನ್ನಡದ ಕಿವಿಯುಳ್ಳವರು ಆ ಹಾಳೆಯ ಮುಂದೆ ಕುಳಿತುಕೊಳ್ಳಬೇಕಾಯಿತು.

ಅಟ್ಟದ ಮೇಲಿನ ಕಟ್ಟು

ನಮ್ಮ ಹಿರಿಯರ ಪುಸ್ತಕ ತಾಳೆಗರಿಯದು. ಕಬ್ಬಿಣದ ಕಂಟದಿಂದ ಗರಿಯ ಮೇಲೆ ಅಕ್ಷರ ಕೊರೆದು, ಮೇಲೆ ಕಾಡಿಗೆ ಪೂಸಿ ಒರೆಸಿದರೆ ಕೊರೆದ ಗೆರೆಯಲ್ಲಿ ಕಪ್ಪು ನಿಲ್ಲುತ್ತಿತ್ತು. ರೋಮನರ ಮಸಿಯೂ ನಮ್ಮ ಮಸಿಯೂ ಒಂದೇ ಇಂಗಾಲ. ನಮ್ಮಲ್ಲಿ ಹೆಚ್ಚಿನ ಅನುಕೂಲವೊಂದಿದೆ: ಕಾಡಿಗೆ ಉದುರಿಹೋದರೂ ಕಂಟದ ಗೀರು ಗರಿಯಲ್ಲಿ ಉಳಿಯುತ್ತದೆ. ಹಳತಾಗಿ ಕಪ್ಪೇರಿದ ಗರಿಯಲ್ಲಿ ಕಣ್ಣಿಗೆ ಕಾಣದ ಅಕ್ಷರ ಅವರಕ್ತ ಕಿರಣದಲ್ಲಿ ಕಾಣುವುದೂ ಉಂಟು. ಆ ಕಿರಣಕ್ಕೆ ಗರಿ ಬೆಳ್ಳಗೂ ಇಂಗಾಲ ಕಪ್ಪಗೂ ತೋರುತ್ತದೆ. ೨೦೦೬ರ ಸುಮಾರಿನಲ್ಲಿ ಅಮೇರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕ ಪಿ. ಆರ್. ಮುಕುಂದ್ ಮತ್ತು ಅವರ ಸಹೋದ್ಯೋಗಿ ರೋಜರ್ ಈಸ್ಟನ್, ಉಡುಪಿಯ ಪಲಿಮಾರು ಮಠದಲ್ಲಿದ್ದ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಪ್ರಾಚೀನ ಓಲೆಪ್ರತಿಯ ಛಾಯೆಯನ್ನು ಈ ವಿದ್ಯೆಯಿಂದಲೇ ತೆಗೆದರು.

ಯಂತ್ರಗಳಿಲ್ಲದ ಕಾಲದಲ್ಲಿಯೂ ಓಲೆಗಳನ್ನು ಹುಡುಕಿ ಓದಿದ ಪುಣ್ಯಾತ್ಮರು ನಮ್ಮಲ್ಲಿ ಆಗಿಹೋಗಿದ್ದಾರೆ. ಮೈಸೂರಿನ ಗ್ರಂಥಭಂಡಾರಕ್ಕೆ ಬಂದ ಓಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ ೧೯೦೯ರಲ್ಲಿ ಅಚ್ಚುಮಾಡಿಸಿದವರು ಮೇಲೆ ಹೇಳಿದ ಶಾಮಾಶಾಸ್ತ್ರಿಗಳೇ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಮನೆಮನೆಯ ಕಟ್ಟುಗಳನ್ನು ಸಂಗ್ರಹಿಸಿದ್ದರಿಂದ ೧೯೨೩ರಲ್ಲಿ ವಚನಶಾಸ್ತ್ರಸಾರ ಹೊರಬಂದಿತು. ಕಾಸರಗೋಡಿನ ಪುಂಡೂರು ವೆಂಕಟರಾಜ ಪುಣಿಂಚಿತ್ತಾಯರು ತುಳು ಲಿಪಿಯ ಓಲೆಗಳನ್ನು ಓದಿ ‘ಶ್ರೀ ಭಾಗವತೊ’ ಎಂಬ ಹಳೆಯ ತುಳು ಕಾವ್ಯವನ್ನು ಬೆಳಕಿಗೆ ತಂದರು. ಈ ಮೂರು ಕಥೆಗಳಿಗೂ ಮೊದಲು ಒಂದೊಂದು ಮನೆಯಲ್ಲಿ, ಓದಲು ಬಾರದಿದ್ದರೂ ಎಸೆಯದೆ ಕಟ್ಟಿಟ್ಟವರೊಬ್ಬರು ಇದ್ದರು. ಅವರ ಹೆಸರು ಯಾವ ಮುನ್ನುಡಿಯಲ್ಲಿಯೂ ಬರುವುದಿಲ್ಲ.

ಕಾಸರಗೋಡಾಗಲಿ ತಾಳವಾಡಿಯಾಗಲಿ, ಅಕ್ಕಲಕೋಟೆಯಾಗಲಿ ಆದವಾನಿಯಾಗಲಿ, ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ, ದೇವರ ಕೋಣೆಯ ಮೂಲೆಯಲ್ಲಿ ಇಂತಹ ಕಟ್ಟುಗಳು ಇನ್ನೂ ಇವೆ. ಮನೆ ಪಾಲಾಗುವಾಗ, ಹಂಚು ಇಳಿಸಿ ತಾರಸಿ ಹಾಕಿಸುವಾಗ ಅವಕ್ಕೆ ಕುತ್ತು ಬರುತ್ತದೆ. ಯಾರಿಗೂ ಓದಲು ಬಾರದೆಂದು ಭಕ್ತಿಯಿಂದಲೇ ಹೊಳೆಗೆ ಬಿಡುವವರುಂಟು. ಅವರಲ್ಲಿ ನಮ್ಮ ವಿನಂತಿ ಇಷ್ಟೇ: ಇಂದು ಓದಲಾಗದ್ದು ನಾಳೆಯೂ ಓದಲಾಗದೆಂದು ತೀರ್ಮಾನಿಸಬೇಡಿ. ಅಂಟಿಕೊಂಡ ಗರಿಗಳನ್ನು ಚಾಕುವಿನಿಂದ ಬಿಡಿಸಲು ಹೋಗಬೇಡಿ. ನೇಪಲ್ಸಿನಲ್ಲಿ ಆ ಪ್ರಯೋಗ ಸಾಕಷ್ಟು ನಡೆದಿದೆ. ಬಿಸಿಲಿಗೆ ಒಡ್ಡಬೇಡಿ. ತೇವವೂ ಗೆದ್ದಲೂ ತಾಗದಂತೆ ಶುಚಿಯಾದ ಹತ್ತಿಯ ಬಟ್ಟೆಯಲ್ಲಿ ಕಟ್ಟಿ ಮೇಲಿಡಿ. ಯಾರ ಮನೆಯದು, ಯಾವ ಊರಿನದು ಎಂದು ಒಂದು ಚೀಟಿ ಬರೆದು ಜೊತೆಗಿಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ತಿರುವನಂತಪುರದ ಹಸ್ತಪ್ರತಿ ಗ್ರಂಥಾಲಯ ಮೊದಲಾದ ಕಡೆಗಳಲ್ಲಿ ಇವನ್ನು ಬಲ್ಲವರಿದ್ದಾರೆ; ಒಂದು ಪತ್ರ ಬರೆದರೆ ನಷ್ಟವೇನೂ ಇಲ್ಲ.

ಕಟ್ಟನ್ನು ಕಾಯುವುದು ಸುಲಭದ ಅರ್ಧ. ಉಳಿದ ಅರ್ಧ ಮನೆಯ ಮಕ್ಕಳದು. ಗಡಿಯ ಈಚೆಯ ನಮ್ಮ ಮಕ್ಕಳಲ್ಲಿ ಹಲವರು ಶಾಲೆಯಲ್ಲಿ ಬೇರೆ ಭಾಷೆಯಲ್ಲಿ ಕಲಿಯುತ್ತಾರೆ. ಮನೆಯಲ್ಲಿ ಕನ್ನಡ ಆಡಿದರೂ ಕನ್ನಡ ಅಕ್ಷರದ ಮುಂದೆ ತಡವರಿಸುವ ಮಕ್ಕಳನ್ನು ನಾವು ಕಾಣುತ್ತಿದ್ದೇವೆ. ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ಹರ್ಕ್ಯುಲೇನಿಯಮಿನ ಸುರುಳಿಯನ್ನು ಓದಿಸಲು ಇಪ್ಪತ್ತೊಂದು ವರ್ಷದ ಯುವಕನ ಗಣಿತವೂ ಬೇಕಾಯಿತು, ಸತ್ತ ಭಾಷೆಯೆಂದು ಲೋಕ ಹೇಳುವ ಹಳೆಯ ಗ್ರೀಕನ್ನು ಬಿಡದೆ ಕಲಿತವರ ವಿದ್ಯೆಯೂ ಬೇಕಾಯಿತು. ಗಣಕಯಂತ್ರ ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಮೊದಲನೆಯದು ಶಾಲೆಯಲ್ಲಿ ಸಿಗುತ್ತದೆ. ಎರಡನೆಯದನ್ನು ಮನೆಯಲ್ಲೇ ಕೊಡಬೇಕು. ರಾತ್ರಿಯ ಊಟಕ್ಕೆ ಮೊದಲು ಕಾಲು ಗಂಟೆ, ಈ ಪತ್ರಿಕೆಯದೇ ಆಗಲಿ ಬೇರೆ ಯಾವುದರದೇ ಆಗಲಿ, ಒಂದು ಪುಟವನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿದರೆ ಸಾಕು. ಎಂದಾದರೊಂದು ದಿನ ನಮ್ಮ ಅಟ್ಟದ ಕಟ್ಟಿನ ಅಕ್ಷರಗಳನ್ನು ಯಾವುದೋ ಯಂತ್ರ ಎತ್ತಿ ತೋರಿಸಿದಾಗ, ಅದರ ಪಕ್ಕದಲ್ಲಿ ಕುಳಿತು ಓದುವವರು ಬೇಕು. ಆ ಓದುಗ ನಮ್ಮ ಮನೆಯವನೇ ಆಗಿರಲಿ.